ವಾಹನದ ಯೋಗಕ್ಷೇಮ

ಒಬ್ಬರನ್ನೊಬ್ಬರು ಕಂಡಾಗ ಯೋಗಕ್ಷೇಮವನ್ನು ವಿಚಾರಿಸುವುದು ನಮ್ಮ ಜನರ ವಾಡಿಕೆ. ಕಿವಿಗೆ ಒಂದೇ ಮಾತಾಗಿ ಕೇಳಿಸಿದರೂ ಅದರೊಳಗೆ ಅಡಗಿರುವ ಪದಗಳು ಎರಡು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನು ಬೋಧಿಸುತ್ತಿದ್ದ ನನಗೆ ಈ ಸಮಾಸವನ್ನು ಬಿಡಿಸಿ ಹೇಳುವ ಪ್ರಸಂಗವು ಪ್ರತಿವರ್ಷವೂ ಒದಗುತ್ತಿತ್ತು. ಮಕ್ಕಳು ಅರ್ಥವನ್ನು ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುತ್ತಿದ್ದರು. ಆದರೆ ಈ ಎರಡು ಪದಗಳ ನಡುವಣ ಅಂತರವು ನಿಜವಾಗಿ ಮನಸ್ಸಿಗೆ ಹತ್ತುವುದು ಪಾಠಶಾಲೆಯಲ್ಲಲ್ಲ. ಸಂಸಾರದಲ್ಲಿ ಒಂದು ಬೆಲೆಯುಳ್ಳ ವಸ್ತುವನ್ನು ಕೊಂಡುತಂದ ಮೇಲೆ. ಯೋಗಕ್ಕೆ ಒಂದು ದಿನ ಸಾಕು, ಕ್ಷೇಮಕ್ಕೆ ವರ್ಷಗಳು ಬೇಕು. ಅಂಗಡಿಯವನು ನಮಗೆ ಮಾರುವುದು ಯೋಗವನ್ನು. ಕ್ಷೇಮದ ಭಾರವನ್ನು ಹೊರತಕ್ಕವರು ಮನೆಯವರು.

ಈ ಮಾತಿಗೆ ಇಂದಿನ ಮಧ್ಯಮ ಸಂಸಾರಗಳಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ನಿದರ್ಶನವು ಮೋಟಾರು ಬೈಕು. ಹಿಂದೆ ಅದು ಉಳ್ಳವರ ಅಲಂಕಾರವಾಗಿದ್ದಿತು. ಇಂದು ಅನ್ನಸಂಪಾದನೆಗೆ ಅತ್ಯಾವಶ್ಯಕವಾದ ಉಪಕರಣವಾಗಿರುವುದು. ಮನೆ ಒಂದೆಡೆ, ಕೆಲಸ ಇನ್ನೊಂದೆಡೆ. ನಡುವಣ ದಾರಿಯನ್ನು ದಿನಕ್ಕೆರಡು ಬಾರಿ ಸವೆಸಲೇಬೇಕು. ಇಂತಹ ವಾಹನವನ್ನು ಆರಿಸುವಾಗ ನಮ್ಮ ಗೃಹಸ್ಥರು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: "ಬೆಲೆ ಎಷ್ಟು?" ಇನ್ನೂ ಸ್ವಲ್ಪ ಜಾಗರೂಕರಾದವರು "ತಿಂಗಳ ಕಂತು ಎಷ್ಟು?" ಎಂದು ಕೇಳುವರು. "ಇದನ್ನು ಎಂಟು ವರ್ಷ ಸಾಕಲು ಒಟ್ಟು ಎಷ್ಟಾಗುವುದು?" ಎಂದು ಕೇಳುವವರು ಬಹಳ ವಿರಳ. ಹಸುವನ್ನು ಕೊಳ್ಳಹೋಗುವ ರೈತನು ಅದರ ಬೆಲೆಯನ್ನು ಮಾತ್ರ ಕೇಳಿ ಹಗ್ಗವನ್ನು ಹಿಡಿದುಕೊಂಡು ಬರುವುದಿಲ್ಲ. ಎಷ್ಟು ತಿನ್ನುವುದು, ಎಷ್ಟು ಕರೆಯುವುದು, ಇನ್ನೆಷ್ಟು ಕರು ಹಾಕೀತು ಎಂಬುದೆಲ್ಲವನ್ನೂ ಯೋಚಿಸುವನು. ಯಂತ್ರದ ವಿಷಯದಲ್ಲಿ ಮಾತ್ರ ನಮಗೆ ಆ ವಿವೇಕವು ಮರೆತುಹೋಗುವುದು.

೨೦೨೫ನೆಯ ವರ್ಷದ ಸೆಪ್ಟೆಂಬರ್ ೨೨ರಿಂದ ೩೫೦ ಸಿಸಿವರೆಗಿನ ಬೈಕುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯು ಶೇಕಡಾ ೨೮ರಿಂದ ೧೮ಕ್ಕೆ ಇಳಿಯಿತಷ್ಟೆ. ಅದಾದ ಕೆಲವು ದಿನಗಳಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಆತನು ಮೈಸೂರಿನಲ್ಲಿ ಬಾಡಿಗೆಯ ಮನೆಯೊಂದರ ಮಹಡಿಯಲ್ಲಿ ತಾಯಿಯೊಡನೆಯೂ ತಂಗಿಯೊಡನೆಯೂ ವಾಸವಾಗಿರುವನು. ತಂದೆಯಿಲ್ಲ. ತಾಯಿ ಹೊಲಿಗೆಯಿಂದ ಅಷ್ಟಿಷ್ಟು ಸಂಪಾದಿಸುವರು. ತಂಗಿ ನರ್ಸಿಂಗ್ ವಿದ್ಯಾಭ್ಯಾಸದ ಎರಡನೆಯ ವರ್ಷದಲ್ಲಿರುವಳು. ಇವನಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಉದ್ಯೋಗ. ಕೈಗೆ ಬರುವ ಸಂಬಳ ತಿಂಗಳಿಗೆ ೧೯,೦೦೦ ರೂಪಾಯಿ. ಪಾಳಿಯ ಕೆಲಸವಾದುದರಿಂದ ರಾತ್ರಿ ಹೊತ್ತು ಮೀರಿ ಬಿಡುಗಡೆಯಾದಾಗ ಕಾರ್ಖಾನೆಯ ಬಾಗಿಲಲ್ಲಿ ಬಸ್ಸಿರುವುದಿಲ್ಲ. ಸ್ವಂತ ವಾಹನವಿಲ್ಲದೆ ಆತನಿಗೆ ವಿಧಿಯಿಲ್ಲ.

"ಮೇಷ್ಟ್ರೇ, ತೆರಿಗೆ ಇಳಿದಿದೆ. ಮೊದಲು ನೂರು ಸಿಸಿ ಗಾಡಿ ಸಾಕು ಅಂದುಕೊಂಡಿದ್ದೆ. ಈಗ ನೂರರವತ್ತು ಸಿಸಿಯದೇ ಕೈಗೆಟುಕುವ ಹಾಗಾಗಿದೆ. ಐವತ್ತೈದು ಸಾವಿರವಷ್ಟೇ ವ್ಯತ್ಯಾಸ. ಸಾಲಕ್ಕೆ ಜಾಮೀನು ಒಬ್ಬರು ಬೇಕಂತೆ," ಎಂದನು.

ಜಾಮೀನಿನ ರುಜು ಹಾಕುವ ಮೊದಲು ಒಂದು ಹಾಳೆಯನ್ನೂ ಪೆನ್ಸಿಲನ್ನೂ ತೆಗೆದುಕೊಂಡು ನನ್ನೆದುರು ಕುಳಿತುಕೊಳ್ಳುವಂತೆ ಹೇಳಿದೆನು. ಆ ಹಾಳೆಯ ಮೇಲೆ ಮೂಡಿದ ಲೆಕ್ಕವು ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ವಿವರಿಸಿರುವೆನು. ಅಂಕಿಗಳು ಊರಿನಿಂದೂರಿಗೂ ವಾಹನದಿಂದ ವಾಹನಕ್ಕೂ ವ್ಯತ್ಯಾಸವಾಗತಕ್ಕವು. ಓದುವವರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಲಿ. ಕ್ರಮ ಮಾತ್ರ ಎಲ್ಲರಿಗೂ ಒಂದೇ.

ಮೊತ್ತಮೊದಲು ನಿರ್ಣಯಿಸತಕ್ಕುದು ಬೆಲೆಯಲ್ಲ, ದೂರ. ಮೈಸೂರಿನಿಂದ ನಂಜನಗೂಡಿಗೆ ಸುಮಾರು ೨೪ ಕಿಲೋಮೀಟರ್. ಹೋಗಿ ಬರುವುದೂ ಅಂಗಡಿ ಮುಂಗಟ್ಟಿನ ಓಡಾಟವೂ ಸೇರಿ ದಿನಕ್ಕೆ ೫೦ ಎಂದಿಟ್ಟೆವು. ತಿಂಗಳಿಗೆ ೨೫ ದಿನಗಳಂತೆ ವರ್ಷಕ್ಕೆ ೧೫,೦೦೦ ಕಿಲೋಮೀಟರ್. ಎಂಟು ವರ್ಷಗಳಿಗೆ ೧,೨೦,೦೦೦. ಈ ಒಂದು ಸಂಖ್ಯೆಯೇ ಮಿಕ್ಕ ಲೆಕ್ಕಕ್ಕೆಲ್ಲ ತಳಹದಿ.

ಎರಡನೆಯದು ಬೆಲೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಷೋರೂಮಿನ ಬೆಲೆ. ನಾವು ಕೊಡತಕ್ಕುದು ಆಜೀವ ತೆರಿಗೆ, ನೋಂದಣಿ, ವಿಮೆ ಇವೆಲ್ಲ ಸೇರಿದ ಆನ್-ರೋಡ್ ಬೆಲೆ. ಹೋಲಿಸುವುದಾದರೆ ಇದನ್ನೇ ಹೋಲಿಸಬೇಕು. ನಮ್ಮ ಲೆಕ್ಕಕ್ಕೆ ಚಿಕ್ಕ ಬೈಕಿಗೆ ೯೫,೦೦೦ವನ್ನೂ ದೊಡ್ಡದಕ್ಕೆ ೧,೫೦,೦೦೦ವನ್ನೂ ಹಿಡಿದೆವು. ವಿಮೆಯಲ್ಲಿಯೂ ಒಂದು ಸೂಕ್ಷ್ಮವುಂಟು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೧೮ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕಾಯಿತು. ೨೦೨೨ರ ಜೂನಿನಲ್ಲಿ ಗೊತ್ತುಮಾಡಿದ ದರದಂತೆ ೭೫ರಿಂದ ೧೫೦ ಸಿಸಿವರೆಗಿನ ವಾಹನಕ್ಕೆ ವರ್ಷಕ್ಕೆ ೭೧೪ ರೂಪಾಯಿ. ೧೫೦ನ್ನು ದಾಟಿದೊಡನೆ ೧,೩೬೬. ಹತ್ತು ಸಿಸಿ ಹೆಚ್ಚಿದುದಕ್ಕೆ ವಿಮೆಯು ಹೆಚ್ಚು ಕಡಮೆ ಇಮ್ಮಡಿಯಾಗುವುದೆಂಬುದು ಆ ಹುಡುಗನಿಗೆ ತಿಳಿದೇ ಇರಲಿಲ್ಲ.

ಮೂರನೆಯದು ಸಾಲದ ಬಡ್ಡಿ. ಆತನಿಗೆ ದೊರೆಯುತ್ತಿದ್ದ ಸಾಲವು "ಶೇಕಡಾ ಹತ್ತು ಫ್ಲಾಟ್" ಎಂಬುದಾಗಿತ್ತು. ಈ ಫ್ಲಾಟ್ ಎಂಬ ಪದವನ್ನು ಗೃಹಸ್ಥರು ಚೆನ್ನಾಗಿ ಗಮನಿಸಬೇಕು. ಕಂತು ಕಟ್ಟುತ್ತ ಹೋದಂತೆ ಅಸಲು ಇಳಿಯುವುದು. ಆದರೆ ಫ್ಲಾಟ್ ಬಡ್ಡಿಯನ್ನು ಕಡೆಯ ತಿಂಗಳವರೆಗೂ ಮೊದಲಿನ ಪೂರ್ಣ ಅಸಲಿನ ಮೇಲೆಯೇ ಎಣಿಸುವರು. ೭೫,೦೦೦ ರೂಪಾಯಿಗಳನ್ನು ಮೂರು ವರ್ಷಕ್ಕೆ ಪಡೆದರೆ ಬಡ್ಡಿ ೨೨,೫೦೦, ಕಂತು ೨,೭೦೮. ಇಳಿಯುವ ಅಸಲಿನ ಮೇಲೆ ಬಡ್ಡಿ ಹಾಕುವ ಬ್ಯಾಂಕಿನ ಪದ್ಧತಿಗೆ ಇದನ್ನು ತಿರುಗಿಸಿದರೆ ದರವು ಶೇಕಡಾ ೧೮ರ ಸಮೀಪಕ್ಕೆ ಬರುವುದು. ಹತ್ತೆಂದು ಕೇಳಿ ಹದಿನೆಂಟನ್ನು ತೆರುವವರು ನಮ್ಮಲ್ಲಿ ಎಷ್ಟೋ ಮಂದಿ. ದೊಡ್ಡ ಬೈಕಿಗೆ ಬೇಕಾದ ೧,೨೦,೦೦೦ದ ಸಾಲಕ್ಕೆ ಇದೇ ಕ್ರಮದಲ್ಲಿ ಬಡ್ಡಿ ೩೬,೦೦೦, ಕಂತು ೪,೩೩೩.

ನಾಲ್ಕನೆಯದು ಪೆಟ್ರೋಲು. ತೆರಿಗೆ ಇಳಿದುದು ಬೈಕಿನ ಮೇಲೆಯೇ ಹೊರತು ಪೆಟ್ರೋಲಿನ ಮೇಲಲ್ಲ, ಪೆಟ್ರೋಲು ಜಿ.ಎಸ್.ಟಿ.ಯ ವ್ಯಾಪ್ತಿಗೇ ಸೇರಿಲ್ಲ. ಲೆಕ್ಕದ ಸೌಕರ್ಯಕ್ಕಾಗಿ ಲೀಟರಿಗೆ ನೂರು ರೂಪಾಯಿಯೆಂದು ಇಟ್ಟುಕೊಂಡೆವು. ಚಿಕ್ಕ ಬೈಕು ಲೀಟರಿಗೆ ೬೦ ಕಿಲೋಮೀಟರ್ ಓಡಿದರೆ ವರ್ಷಕ್ಕೆ ೨೫೦ ಲೀಟರ್, ಅಂದರೆ ೨೫,೦೦೦ ರೂಪಾಯಿ. ದೊಡ್ಡದು ೪೫ ಓಡಿದರೆ ೩೩೩ ಲೀಟರ್, ಅಂದರೆ ೩೩,೩೩೩. ಎಂಟು ವರ್ಷಗಳ ಕೊನೆಗೆ ಈ ಒಂದು ಬಾಬಿನಲ್ಲಿಯೇ ೬೬,೭೦೦ ರೂಪಾಯಿಗಳ ಅಂತರ. ಹುಡುಗನು "ಅಷ್ಟೇ ವ್ಯತ್ಯಾಸ" ಎಂದಿದ್ದ ಐವತ್ತೈದು ಸಾವಿರವನ್ನು ಪೆಟ್ರೋಲೊಂದೇ ಮೀರಿಸಿತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ೧೯೯೭ರಲ್ಲಿ ಸುಮಾರು ೩೮,೦೦೦ ರೂಪಾಯಿ ಕೊಟ್ಟು ಕೊಂಡ ನೂರು ಸಿಸಿಯ ಬೈಕಿನಲ್ಲಿ ನಾನು ಹಳ್ಳಿಯ ಶಾಲೆಗೆ ಹದಿನೈದು ವರ್ಷ ಹೋಗಿ ಬಂದೆನು. ಮನೆಯ ಖರ್ಚಿನ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಪುಟವನ್ನು ಇಟ್ಟಿದ್ದೆನು. ಹತ್ತನೆಯ ವರ್ಷದ ಹೊತ್ತಿಗೆ ಪೆಟ್ರೋಲಿನ ಮೊತ್ತವು ಬೈಕಿನ ಬೆಲೆಯನ್ನು ಮೀರಿದ್ದಿತು. ಮಾರುವ ಕಾಲಕ್ಕೆ ಅದರ ಎರಡು ಪಟ್ಟನ್ನೂ ದಾಟಿದ್ದಿತು. ಆ ಪುಟಗಳನ್ನು ಹುಡುಗನಿಗೆ ತೋರಿಸಿದಾಗ ಆತನು ಬಹಳ ಹೊತ್ತು ಬೆರಳಿಟ್ಟು ಓದಿದನು.

ಐದನೆಯದು ಆರೈಕೆ. ಎಂಜಿನ್ ಆಯಿಲ್ಲು ಕೆಲವು ಸಾವಿರ ಕಿಲೋಮೀಟರಿಗೊಮ್ಮೆ. ಟೈರು, ಚೈನು, ಸ್ಪ್ರಾಕೆಟ್ಟುಗಳು ಇಪ್ಪತ್ತು ಮೂವತ್ತು ಸಾವಿರಕ್ಕೊಮ್ಮೆ. ಇವಲ್ಲದೆ ಬ್ರೇಕು, ಕ್ಲಚ್ಚು, ಕೇಬಲ್ಲು, ಬ್ಯಾಟರಿ. ದೊಡ್ಡ ಬೈಕಿಗೆ ಆಯಿಲ್ಲು ಹೆಚ್ಚು ಹಿಡಿಯುವುದು, ಟೈರು ಅಗಲ, ಬಿಡಿಭಾಗ ದುಬಾರಿ. ದಿನಕ್ಕೆ ಐವತ್ತು ಕಿಲೋಮೀಟರ್ ಓಡುವ ಚಿಕ್ಕ ಬೈಕಿಗೆ ವರ್ಷಕ್ಕೆ ೭,೦೦೦ವನ್ನೂ ದೊಡ್ಡದಕ್ಕೆ ೧೦,೫೦೦ನ್ನೂ ಹಿಡಿದೆವು. ಹಳೆಯ ಕಾರ್ಬ್ಯುರೇಟರ್ ಬೈಕುಗಳನ್ನು ದಾರಿಬದಿಯ ಮೆಕ್ಯಾನಿಕ್ಕು ಒಂದು ತಿರುಪುಳಿಯಿಂದ ಸರಿಪಡಿಸುತ್ತಿದ್ದನು. ೨೦೨೦ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ಆರರ ನಿಯಮ ಬಂದ ಮೇಲೆ ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಟರೂ ಟ್ಯಾಂಕಿನೊಳಗಿನ ಪಂಪೂ ಸೆನ್ಸರುಗಳೂ ಬಂದುವು. ಇವು ಕೆಡುವುದು ಅಪರೂಪ. ಕೆಟ್ಟರೆ ಖರ್ಚು ಹೆಚ್ಚು. ಆ ಪಂಪು ಸುತ್ತಲಿನ ಪೆಟ್ರೋಲಿನಿಂದಲೇ ತಂಪಾಗತಕ್ಕುದಾದುದರಿಂದ ಟ್ಯಾಂಕನ್ನು ಸದಾ ಬರಿದಾಗಿಸಿ ಓಡಿಸುವ ಅಭ್ಯಾಸವನ್ನು ಈಗಿನವರು ಬಿಡಬೇಕು.

ಕಡೆಯದು ಮಾರುವಾಗ ಬರುವ ಹಣ. ಹೊಸತನವು ಎಷ್ಟು ಬೇಗ ಸವೆಯುವುದೆಂಬುದಕ್ಕೆ ವಿಮೆಯವರ ಪಟ್ಟಿಯೇ ಸಾಕ್ಷಿ: ಒಂದು ವರ್ಷ ಕಳೆದ ವಾಹನದ ಬೆಲೆಯಲ್ಲಿ ಶೇಕಡಾ ೨೦ನ್ನೂ ನಾಲ್ಕು ವರ್ಷ ಕಳೆದುದರಲ್ಲಿ ೫೦ನ್ನೂ ಅವರು ಕಳೆಯುವರು. ಎಂಟು ವರ್ಷದ ಅನಂತರ ಚಿಕ್ಕದಕ್ಕೆ ೨೫,೦೦೦, ದೊಡ್ಡದಕ್ಕೆ ೩೫,೦೦೦ ಬಂದೀತೆಂದು ಭಾವಿಸಿದೆವು. ಹಾಳೆಯ ಕೆಳಗಡೆ ಮೂಡಿದ ತಖ್ತೆಯು ಹೀಗಿದ್ದಿತು. ಮೊದಲಿನದು ಚಿಕ್ಕ ಬೈಕಿನ ಅಂಕಿ, ಎರಡನೆಯದು ದೊಡ್ಡದರದು.

ಆನ್-ರೋಡ್ ಬೆಲೆ: ೯೫,೦೦೦, ೧,೫೦,೦೦೦
ಸಾಲದ ಬಡ್ಡಿ: ೨೨,೫೦೦, ೩೬,೦೦೦
ಪೆಟ್ರೋಲು: ೨,೦೦,೦೦೦, ೨,೬೬,೭೦೦
ಆರೈಕೆ: ೫೬,೦೦೦, ೮೪,೦೦೦
ಕಡೆಯ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ: ೨,೧೦೦, ೪,೧೦೦
ಮಾರಿದ ಹಣ (ಕಳೆಯತಕ್ಕುದು): ೨೫,೦೦೦; ೩೫,೦೦೦
ನಿಂತ ವೆಚ್ಚ: ೩,೫೦,೬೦೦, ೫,೦೫,೮೦೦

ಕಿಲೋಮೀಟರಿಗೆ ಒಂದರಲ್ಲಿ ೨ ರೂಪಾಯಿ ೯೨ ಪೈಸೆ. ಇನ್ನೊಂದರಲ್ಲಿ ೪ ರೂಪಾಯಿ ೨೧ ಪೈಸೆ. ಕೊಳ್ಳುವಾಗ ಕಂಡ ಅಂತರವು ೫೫,೦೦೦. ಸಾಕಿ ಮುಗಿಸುವಾಗ ಅದು ೧,೫೫,೦೦೦ವನ್ನು ದಾಟಿದ್ದಿತು. ಚಿಕ್ಕ ಬೈಕಿನಲ್ಲಿಯೂ ಕೊಂಡ ಬೆಲೆಯು ಒಟ್ಟು ವೆಚ್ಚದ ನಾಲ್ಕರಲ್ಲೊಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ನಾವು ಚೌಕಾಶಿ ಮಾಡುವುದೆಲ್ಲ ಆ ಒಂದು ಪಾಲಿನ ವಿಷಯದಲ್ಲಿ. ಮಿಕ್ಕ ಪಾಲುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ.

ಎಂಟು ವರ್ಷದ ಮಾತು ಹಾಗಿರಲಿ, ತಿಂಗಳ ಮಾತನ್ನೇ ನೋಡೋಣ. ಕಂತು, ಪೆಟ್ರೋಲು, ಆರೈಕೆ ಸೇರಿ ಸಾಲದ ಮೂರು ವರ್ಷಗಳಲ್ಲಿ ದೊಡ್ಡ ಬೈಕಿಗೆ ತಿಂಗಳಿಗೆ ಸುಮಾರು ೮,೦೦೦ ರೂಪಾಯಿ ಬೇಕು, ಚಿಕ್ಕದಕ್ಕೆ ೫,೪೦೦. ಹತ್ತೊಂಬತ್ತು ಸಾವಿರದ ಸಂಬಳದಲ್ಲಿ ಎಂಟು ಸಾವಿರವನ್ನು ವಾಹನವೇ ನುಂಗಿದರೆ ಮನೆಯ ಬಾಡಿಗೆ ಯಾವುದರಿಂದ, ತಂಗಿಯ ಫೀಜು ಯಾವುದರಿಂದ? ಹುಡುಗನು ತಲೆ ತಗ್ಗಿಸಿ, "ಅವಳಿಗೆ ಇನ್ನೂ ಎರಡು ವರ್ಷ ಫೀಜು ಕಟ್ಟಬೇಕು, ಮೇಷ್ಟ್ರೇ," ಎಂದನು. ನಾನು ಉಪದೇಶ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ತಖ್ತೆಯಲ್ಲಿ ಇಲ್ಲದ ಒಂದು ಬಾಬನ್ನು ಆತನೇ ಸೇರಿಸಿದ್ದನು.

ಆದರೆ ಲೆಕ್ಕವೆಂದರೆ ಹಣದ ಲೆಕ್ಕವೊಂದೇ ಅಲ್ಲ. ಆತನು ಕೇಳಿದ ಇನ್ನೊಂದು ಮಾತು ನ್ಯಾಯವಾದುದೇ ಆಗಿತ್ತು: "ನಂಜನಗೂಡಿನ ರಸ್ತೆಯಲ್ಲಿ ರಾತ್ರಿ ಲಾರಿಗಳ ಮಧ್ಯೆ ಬರಬೇಕು. ದೊಡ್ಡ ಗಾಡಿಗೆ ಬ್ರೇಕು ಗಟ್ಟಿ ಅಲ್ಲವೇ?" ನಿಜ. ೨೦೧೯ರ ಏಪ್ರಿಲಿನಲ್ಲಿ ಜಾರಿಗೆ ಬಂದ ನಿಯಮದಂತೆ ೧೨೫ ಸಿಸಿಯನ್ನು ಮೀರಿದ ಹೊಸ ಬೈಕುಗಳಿಗೆ ಚಕ್ರವು ಸಿಕ್ಕಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಯಿತು, ಅದಕ್ಕೆ ಒಳಪಟ್ಟವುಗಳಿಗೆ ಒಂದು ಬ್ರೇಕನ್ನು ಹಿಡಿದರೆ ಎರಡೂ ಚಕ್ರಗಳಿಗೆ ತಾಗುವ ಏರ್ಪಾಡು ಸಾಕೆಂದಾಯಿತು. ಪ್ರಾಣಕ್ಕಿಂತ ದೊಡ್ಡ ಉಳಿತಾಯವಿಲ್ಲ. ಆದುದರಿಂದ ನಡುವಣ ದಾರಿಯೊಂದನ್ನೂ ಲೆಕ್ಕ ಹಾಕಿದೆವು: ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ೧೨೫ ಸಿಸಿಯದು, ಆನ್-ರೋಡ್ ಬೆಲೆ ೧,೧೦,೦೦೦, ಲೀಟರಿಗೆ ೫೫ ಕಿಲೋಮೀಟರ್. ಎಲ್ಲವನ್ನೂ ಕೂಡಿಸಿ ಕಳೆದಾಗ ನೂರು ಸಿಸಿಗಿಂತ ಎಂಟು ವರ್ಷಗಳಲ್ಲಿ ಸುಮಾರು ೪೩,೦೦೦ ಹೆಚ್ಚು. ಸಾಲದ ಅವಧಿಯಲ್ಲಿ ತಿಂಗಳಿಗೆ ೮೦೦ ರೂಪಾಯಿ ಹೆಚ್ಚು. ಉತ್ತಮವಾದ ಬ್ರೇಕಿಗೆ ಕೊಡುವ ಬೆಲೆಯೆಂದು ತಿಳಿದರೆ ಇದು ದುಂದಲ್ಲ.

ವಿದ್ಯುತ್ತಿನ ಸ್ಕೂಟರನ್ನೂ ಬಿಡಲಿಲ್ಲ. ನೂರು ಕಿಲೋಮೀಟರಿಗೆ ಮೂರೂವರೆ ಯೂನಿಟ್ಟು, ಯೂನಿಟ್ಟಿಗೆ ೭ ರೂಪಾಯಿ ಎಂದರೂ ವರ್ಷಕ್ಕೆ ೩,೭೦೦ ರೂಪಾಯಿಗಳ ಒಳಗೇ ಮುಗಿಯುವುದು. ಪೆಟ್ರೋಲಿನ ಇಪ್ಪತ್ತೈದು ಸಾವಿರದೆದುರು ಇದು ಎಷ್ಟರದು! ಬ್ಯಾಟರಿಯನ್ನು ಒಮ್ಮೆ ಬದಲಿಸುವ ದೊಡ್ಡ ಖರ್ಚನ್ನು ಮೊದಲೇ ಎತ್ತಿಟ್ಟರೂ, ಸ್ವಂತ ಮನೆಯೂ ವಾಹನ ನಿಲ್ಲಿಸುವೆಡೆಯಲ್ಲಿ ಪ್ಲಗ್ಗೂ ಉಳ್ಳವರಿಗೆ ಇದು ಲಾಭಕರವೇ ಸರಿ. ಆದರೆ ಬಾಡಿಗೆಯ ಮಹಡಿಯಿಂದ ಬೀದಿಗೆ ತಂತಿ ಇಳಿಬಿಡುವಂತಿಲ್ಲ. ಅಲ್ಲದೆ ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್ಟುಗಳನ್ನು ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇಕಡಾ ಹತ್ತನ್ನು ಸೇರಿಸಿ ಗೊತ್ತುಮಾಡಿದರಷ್ಟೆ. ತಿಂಗಳಿಗೆ ನಲವತ್ತನಾಲ್ಕು ಯೂನಿಟ್ಟು ಒಮ್ಮೆಗೇ ಹೆಚ್ಚಿದರೆ ಸಣ್ಣ ಸಂಸಾರವು ಆ ಮೇರೆಯನ್ನು ದಾಟುವುದು.

ಹುಡುಗನು ಕಡೆಗೆ ೧೨೫ ಸಿಸಿಯದನ್ನೇ ಗೊತ್ತುಮಾಡಿದನು. ಸಾಲವನ್ನು ಮಾತ್ರ ಫ್ಲಾಟ್ ಬಡ್ಡಿಯವರಲ್ಲಿ ಪಡೆಯದೆ, ಸಂಬಳ ಬರುವ ಬ್ಯಾಂಕಿನಲ್ಲಿ ಇಳಿಯುವ ಅಸಲಿನ ಮೇಲಣ ಬಡ್ಡಿಗೆ ಪಡೆದನು. ಮರುವಾರ ಆ ಕಾಗದದ ಮೇಲೆ ಜಾಮೀನಿನ ರುಜುವನ್ನು ನಾನು ಸಂತೋಷದಿಂದ ಹಾಕಿದೆನು. ಉಳಿದ ಹಣದಲ್ಲಿ ಮೊದಲು ಕೊಳ್ಳತಕ್ಕುದು ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ಟುಗಳೆಂದು ಹೇಳಿದೆನು. ಒಂದು ಅವನಿಗೆ, ಇನ್ನೊಂದು ಕಾಲೇಜಿಗೆ ಹಿಂದೆ ಕುಳಿತು ಹೋಗುವ ತಂಗಿಗೆ.

ಈ ಲೆಕ್ಕದಿಂದ ಚಿಕ್ಕ ವಾಹನವೇ ಎಲ್ಲರಿಗೂ ಸರಿಯೆಂದು ಯಾರೂ ಗ್ರಹಿಸಬಾರದು. ತಳಹದಿಯ ಸಂಖ್ಯೆ ಬದಲಾದರೆ ಉತ್ತರವೂ ಬದಲಾಗುವುದು. ದಿನಕ್ಕೆ ಹತ್ತು ಕಿಲೋಮೀಟರ್ ಮಾತ್ರ ಓಡಾಡುವವನಿಗೆ ವರ್ಷಕ್ಕೆ ೩,೦೦೦ ಕಿಲೋಮೀಟರ್. ಅರವತ್ತಕ್ಕೂ ನಲವತ್ತೈದಕ್ಕೂ ಇರುವ ಮೈಲೇಜಿನ ಅಂತರದಿಂದ ಆತನಿಗೆ ವರ್ಷಕ್ಕೆ ಉಳಿಯುವುದು ೧,೬೬೭ ರೂಪಾಯಿ ಮಾತ್ರ. ಮೈಲೇಜಿನ ಹಿಂದೆ ಬಿದ್ದು ಹೆಚ್ಚಿನ ಬೆಲೆಯನ್ನು ತೆರುವುದು ಅಂಥವನಿಗೆ ವ್ಯರ್ಥ. ಮೂರು ನಾಲ್ಕು ವರ್ಷ ಹಳೆಯದಾದ, ಚೆನ್ನಾಗಿ ಸಾಕಿದ ವಾಹನವನ್ನು ಕೊಂಡರೆ ಹೊಸತನ ಸವೆದ ನಷ್ಟವನ್ನೆಲ್ಲ ಹಿಂದಿನ ಯಜಮಾನನೇ ಹೊತ್ತಿರುವನು. ಆದರೆ ಆರ್.ಸಿ. ಪುಸ್ತಕದಲ್ಲಿ ಹಳೆಯ ಸಾಲದ ನಮೂದು ತೆಗೆದಿದೆಯೋ, ದಂಡಗಳು ಬಾಕಿ ಉಳಿದಿವೆಯೋ, ಹದಿನೈದು ವರ್ಷದ ನೋಂದಣಿಯಲ್ಲಿ ಇನ್ನೆಷ್ಟು ಉಳಿದಿದೆ ಎಂಬುದನ್ನು ನೋಡಿಯೇ ಹಣ ಕೊಡಬೇಕು. ವಿಮೆಯನ್ನು ತನ್ನ ಹೆಸರಿಗೆ ತಪ್ಪದೆ ವರ್ಗಾಯಿಸಿಕೊಳ್ಳಬೇಕು.

ಮೈಲೇಜಿನ ವಿಷಯದಲ್ಲಿ ಅಂಗಡಿಯ ಮಾತನ್ನಾಗಲಿ ಗೆಳೆಯರ ಹೆಮ್ಮೆಯನ್ನಾಗಲಿ ನಂಬದೆ ತಾನೇ ಅಳೆಯುವುದು ಮೇಲು. ಉಪಾಯ ಸುಲಭ. ಟ್ಯಾಂಕನ್ನು ಪೂರ್ತಿ ತುಂಬಿಸಿ ಮೀಟರಿನ ಅಂಕಿಯನ್ನು ಬರೆದುಕೊಳ್ಳುವುದು. ಮುಂದಿನ ಸಲವೂ ಪೂರ್ತಿ ತುಂಬಿಸಿ, ಓಡಿದ ದೂರವನ್ನು ಆ ಸಲ ಹಿಡಿಸಿದ ಲೀಟರಿನಿಂದ ಭಾಗಿಸುವುದು. ೫೧೦ ಕಿಲೋಮೀಟರಿಗೆ ಎಂಟೂವರೆ ಲೀಟರ್ ಹಿಡಿಸಿದರೆ ಸರಿಯಾಗಿ ಅರವತ್ತು. ತಿಂಗಳಿನಿಂದ ತಿಂಗಳಿಗೆ ಈ ಅಂಕಿ ಇಳಿಯುತ್ತಿದ್ದರೆ ಟೈರಿನ ಗಾಳಿಯನ್ನೂ ಚೈನಿನ ಬಿಗಿಯನ್ನೂ ಬ್ರೇಕು ತಿಕ್ಕುತ್ತಿದೆಯೇ ಎಂಬುದನ್ನೂ ನೋಡಬೇಕು. ರೋಗಿಯ ನಾಡಿಯಂತೆ ವಾಹನಕ್ಕೆ ಈ ಅಂಕಿ.

ಮನೆಗೆ ಬರುವ ಪ್ರತಿಯೊಂದು ವಸ್ತುವೂ ತನ್ನ ಹಿಂದೆ ಒಂದು ಖರ್ಚಿನ ಪುಟವನ್ನು ಎಳೆದುಕೊಂಡೇ ಬರುವುದು. ಆ ಪುಟವನ್ನು ವಸ್ತು ಬರುವುದಕ್ಕೆ ಮುಂಚೆಯೇ ಬರೆದು ನೋಡುವವನು ಲೋಭಿಯಲ್ಲ; ಹಾಸಿಗೆಯನ್ನು ಅಳೆದು ಕಾಲು ಚಾಚುವ ಜಾಣ. ಬೈಕನ್ನು ಕೊಳ್ಳಲು ಹೊರಟಿರುವ ಮಕ್ಕಳು ಯಾರ ಮನೆಯಲ್ಲಿರುವರೋ ಅವರು ಷೋರೂಮಿಗೆ ಹೋಗುವ ಹಿಂದಿನ ಸಂಜೆ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಮುಂದಿಟ್ಟು, ದಿನದ ದೂರವೆಷ್ಟೆಂಬ ಒಂದು ಪ್ರಶ್ನೆಯಿಂದ ಆರಂಭಿಸಲಿ. ಮಿಕ್ಕುದನ್ನು ಅಂಕಿಗಳೇ ಹೇಳುವುವು.